ಎಂಡೋಕಾರ್ಡೈಟಿಸ್ ತಂಡ: ರಕ್ತದ ಬಾಟಲಿಯಿಂದ ಥೀಸಿಸ್‌ವರೆಗೆ

ಹೃದಯದ ಒಳಪೊರೆಗೂ ಕವಾಟಗಳಿಗೂ ಬ್ಯಾಕ್ಟೀರಿಯಾ ತಗಲುವ ಎಂಡೋಕಾರ್ಡೈಟಿಸ್ ಯಾವುದೇ ಒಂದು ವಿಭಾಗಕ್ಕೆ ಸೇರಿದ ಕಾಯಿಲೆಯಲ್ಲ. ಬಿಡದ ಜ್ವರವಿದ್ದವರು ಮೆಡಿಸಿನ್ ವಾರ್ಡಿನಲ್ಲಿರುತ್ತಾರೆ, ಪಾರ್ಶ್ವವಾಯು ಬಡಿದವರು ನರರೋಗ ವಿಭಾಗದಲ್ಲಿ, ಮೂತ್ರದಲ್ಲಿ ರಕ್ತ ಕಂಡವರು ಮೂತ್ರಪಿಂಡ ತಜ್ಞರ ಬಳಿ. ಎಕೋ (ಹೃದಯದ ಅಲ್ಟ್ರಾಸೌಂಡ್) ಮಾಡಿಸಬೇಕೆಂದು ಹೊಳೆಯುವಷ್ಟರಲ್ಲಿ ಕವಾಟ ಹರಿದಿರುವುದೂ ಉಂಟು. ಯುರೋಪಿನ ಹೃದ್ರೋಗ ತಜ್ಞರ ಸಂಘದ 2015ರ ಮಾರ್ಗಸೂಚಿಯು ಈ ಕಾಯಿಲೆಗೆಂದೇ ಬಹುವಿಭಾಗೀಯ ತಂಡವಿರಬೇಕೆಂದು ಹೇಳಿತ್ತು. ಕರ್ನಾಟಕದ ಒಂದು ಬೋಧನಾ ಆಸ್ಪತ್ರೆಯಲ್ಲಿ ಅಂಥ ತಂಡ ಕಟ್ಟುವ ಹೊಣೆ ನನ್ನ ಪಾಲಿಗೆ ಬಂದಾಗ, ಸಭೆ ಕರೆಯುವ ಮೊದಲು ರಾತ್ರಿ ಪಾಳಿಯ ಹೌಸ್ ಸರ್ಜನ್‌ಗಳು ಬ್ಲಡ್ ಕಲ್ಚರ್‌ಗೆ (ರಕ್ತದಲ್ಲಿರುವ ಜೀವಿಗಳನ್ನು ಬೆಳೆಸಿ ಗುರುತಿಸುವ ಪರೀಕ್ಷೆಗೆ) ರಕ್ತ ತೆಗೆಯುವ ಬಗೆಯನ್ನು ಸರಿಪಡಿಸಬೇಕೆಂದು ನಿರ್ಧರಿಸಿದೆ.

ನಮ್ಮಲ್ಲಿಗೆ ಬರುವ ರೋಗಿಗಳಲ್ಲಿ ಅನೇಕರು ಸಂಧಿವಾತ ಜ್ವರದಿಂದ ಕವಾಟ ಕೆಟ್ಟವರು. ಊರಿನ ಕ್ಲಿನಿಕ್‌ನಲ್ಲಿ ಆಗಲೇ ಆ್ಯಂಟಿಬಯಾಟಿಕ್ ತೆಗೆದುಕೊಂಡಿರುವುದರಿಂದ ಕಲ್ಚರ್‌ನಲ್ಲಿ ಏನೂ ಬೆಳೆಯದಿರುವ ಸಂಭವ ಹೆಚ್ಚು. ಅದರ ಮೇಲೆ ಒಂದೇ ಬಾಟಲಿಗೆ ಎರಡು ಮಿಲಿ ರಕ್ತ ಹಾಕಿ ಕಳುಹಿಸಿದರೆ ಸಿಗಬೇಕಾದ ಜೀವಿಯೂ ಸಿಗುವುದಿಲ್ಲ, ಏಕೆಂದರೆ ಒಂದು ಮಿಲಿ ರಕ್ತದಲ್ಲಿ ಇರುವ ಬ್ಯಾಕ್ಟೀರಿಯಾಗಳೇ ಬೆರಳೆಣಿಕೆಯಷ್ಟು. ಆ್ಯಂಟಿಬಯಾಟಿಕ್ ಕೊಡುವ ಮುನ್ನ, ಬೇರೆ ಬೇರೆ ಜಾಗದಲ್ಲಿ ಚುಚ್ಚಿ ಮೂರು ಸೆಟ್, ಬಾಟಲಿಗೆ 8ರಿಂದ 10 ಮಿಲಿ: ಇದನ್ನು ಸೂಕ್ಷ್ಮಜೀವಿಶಾಸ್ತ್ರದ ಪ್ರಾಧ್ಯಾಪಕರು ಉಪನ್ಯಾಸ ಕೊಠಡಿಯಲ್ಲಿ ಅಲ್ಲ, ವಾರ್ಡಿನಲ್ಲಿ ರೋಗಿಯ ಪಕ್ಕದಲ್ಲಿಯೇ ನಿಂತು ಕಲಿಸಿದರು. ಈ ಕಾಯಿಲೆಯಲ್ಲಿ ಬ್ಯಾಕ್ಟೀರಿಯಾ ರಕ್ತದಲ್ಲಿ ಸತತವಾಗಿ ಇರುವುದರಿಂದ ಚಳಿಜ್ವರ ಏರುವವರೆಗೆ ಕಾಯಬೇಕಾಗಿಲ್ಲ ಎಂಬುದು ಹಲವು ಪಿಜಿಗಳಿಗೆ (ಸ್ನಾತಕೋತ್ತರ ವೈದ್ಯ ವಿದ್ಯಾರ್ಥಿಗಳಿಗೆ) ಹೊಸ ವಿಷಯವಾಗಿತ್ತು.

ಸಂಶೋಧನೆ ಇಲ್ಲಿಂದಲೇ ಹುಟ್ಟಿತು. ಹಳೆಯ ಕೇಸ್ ಶೀಟ್‌ಗಳನ್ನು ಕೆದಕಿ ಬರೆಯುವ ಥೀಸಿಸ್‌ಗಳ ಬಗ್ಗೆ ನನಗೆ ಹೆಚ್ಚಿನ ಗೌರವವಿಲ್ಲ. ನಮ್ಮಲ್ಲಿಗೆ ಬರುವ ಮೊದಲು ರೋಗಿ ಯಾವ ಮಾತ್ರೆ, ಎಷ್ಟು ದಿನ ತೆಗೆದುಕೊಂಡಿದ್ದರು ಎಂಬ ನಮಗೆ ಬೇಕಾದ ಮಾಹಿತಿಯೇ ಅವುಗಳಲ್ಲಿ ಇರುವುದಿಲ್ಲ. ಆದ್ದರಿಂದ ಎಥಿಕ್ಸ್ ಸಮಿತಿಯ ಒಪ್ಪಿಗೆ ಪಡೆದು ಒಂದೇ ಪುಟದ ಫಾರಂ ಮಾಡಿದೆವು. ಅದನ್ನು ತುಂಬುವಾಗಲೇ ಪಿಜಿಯು ಈ ಕಾಯಿಲೆಯನ್ನು ಗುರುತಿಸಲು ಬಳಸುವ, 2023ರಲ್ಲಿ ಪರಿಷ್ಕೃತವಾದ ಡ್ಯೂಕ್ ಮಾನದಂಡಗಳ ಪ್ರಕಾರ ಕಾಯಿಲೆ ಖಚಿತವೋ, ಸಂಭಾವ್ಯವೋ, ಅಲ್ಲವೋ ಎಂದು ತೀರ್ಮಾನಿಸಿ ಕಾರಣ ಬರೆಯಬೇಕು. ಪಾಠಕ್ಕೊಂದು, ಸಂಶೋಧನೆಗೊಂದು ಎಂದು ಎರಡು ಕಾಗದ ಇಟ್ಟಿದ್ದರೆ ಎರಡೂ ಖಾಲಿ ಉಳಿಯುತ್ತಿದ್ದವು.

ಅತಿ ಹೆಚ್ಚು ಫಲ ಕೊಟ್ಟ ಬದಲಾವಣೆ ಆಪರೇಷನ್ ಥಿಯೇಟರಿನಲ್ಲಿ ಆಯಿತು. ತೆಗೆದ ಕವಾಟವನ್ನು ಪೂರ್ತಿಯಾಗಿ ಫಾರ್ಮಲಿನ್‌ಗೆ (ಅಂಗಾಂಶ ಕೆಡದಂತೆ ಇಡುವ ದ್ರವಕ್ಕೆ) ಹಾಕುವುದು ರೂಢಿ. ಹಾಗೆ ಮಾಡಿದರೆ ಜೀವಿಗಳು ಸತ್ತು ಕಲ್ಚರ್ ಅಸಾಧ್ಯವಾಗುತ್ತದೆ, ಬ್ಯಾಕ್ಟೀರಿಯಾದ ಡಿಎನ್‌ಎ ಹುಡುಕುವ 16ಎಸ್ ಪಿಸಿಆರ್ ಪರೀಕ್ಷೆಯೂ ಕಷ್ಟವಾಗುತ್ತದೆ. ಈಗ ಎರಡು ಡಬ್ಬಿ: ಒಂದು ಫಾರ್ಮಲಿನ್ ಇರುವುದು ಪೆಥಾಲಜಿಗೆ, ಇನ್ನೊಂದು ಸ್ಟೆರೈಲ್ ಆಗಿರುವುದು ಸೂಕ್ಷ್ಮಜೀವಿಶಾಸ್ತ್ರಕ್ಕೆ. ಇದನ್ನು ನೆನಪಿನಲ್ಲಿಟ್ಟು ನಡೆಸುವವರು ಸರ್ಜನ್‌ಗಳಲ್ಲ, ಥಿಯೇಟರ್ ಸಿಸ್ಟರ್‌ಗಳು. ಹಾಗಾಗಿ ತಂಡದ ತರಬೇತಿಗೆ ಅವರನ್ನೂ ಕರೆಯುತ್ತೇವೆ.

ವಾರದ ಸಭೆಯಲ್ಲಿ ಪಿಜಿ ಮೊದಲು ಮಾತನಾಡಬೇಕು, ಹಿರಿಯರು ಕೊನೆಗೆ. ಹಿರಿಯರು ಮೊದಲೇ ಬಾಯಿಬಿಟ್ಟರೆ ಕಿರಿಯರ ಅಭಿಪ್ರಾಯ ಅಲ್ಲಿಗೇ ಮುಗಿಯುತ್ತದೆ. ಹೆಚ್ಚಿನ ಜಗಳ ನಡೆಯುವುದು ಶಸ್ತ್ರಚಿಕಿತ್ಸೆ ಯಾವಾಗ ಎಂಬುದರ ಮೇಲೆ. ದೊಡ್ಡ ವೆಜಿಟೇಶನ್ (ಕವಾಟಕ್ಕೆ ಅಂಟಿ ಬೆಳೆದ ಸೋಂಕಿನ ಗಂಟು) ಇರುವವರಿಗೆ 48 ಗಂಟೆಯೊಳಗೆ ಶಸ್ತ್ರಚಿಕಿತ್ಸೆ ಮಾಡಿದರೆ ಎಂಬಾಲಿಸಂ (ಅದರ ತುಣುಕು ಕಳಚಿ ಹೋಗಿ ರಕ್ತನಾಳ ಕಟ್ಟುವುದು) ಕಡಿಮೆಯಾಗುತ್ತದೆಂದು ತೋರಿಸಿದ 2012ರ ಕೊರಿಯಾದ ಅಧ್ಯಯನವನ್ನು ಒಬ್ಬರಲ್ಲ ಒಬ್ಬರು ಎತ್ತುತ್ತಾರೆ. ಅದರಲ್ಲಿ ಇದ್ದವರು 76 ರೋಗಿಗಳು ಮಾತ್ರ, ಆಗಲೇ ತೀವ್ರ ಹೃದಯ ವೈಫಲ್ಯಕ್ಕೆ ಒಳಗಾದವರು ಅದರಲ್ಲಿ ಇರಲಿಲ್ಲ ಎಂದು ಮೂಲ ಲೇಖನ ಓದಿದ ಪಿಜಿ ಹೇಳಿದಾಗ ಚರ್ಚೆ ನಿಜವಾಗಿ ಆರಂಭವಾಗುತ್ತದೆ.

ಸದ್ಯಕ್ಕೆ ನಮ್ಮ ಮುಂದಿರುವ ಪ್ರಶ್ನೆ ರೋಗಿಗಳನ್ನು ಬೇಗ ಮನೆಗೆ ಕಳುಹಿಸುವುದರದು. ಸ್ಥಿರವಾಗಿರುವ ರೋಗಿಗಳನ್ನು ಕೆಲವು ದಿನಗಳ ಇಂಜೆಕ್ಷನ್ ನಂತರ ಮಾತ್ರೆಗೆ ಬದಲಿಸಬಹುದೆಂದು ಡೆನ್ಮಾರ್ಕಿನ 400 ರೋಗಿಗಳ ಪೋಯೆಟ್ ಅಧ್ಯಯನ ತೋರಿಸಿದೆ, ಆದರೆ ಅಲ್ಲಿ ಮಾತ್ರೆ ಪಡೆದವರನ್ನು ವಾರಕ್ಕೆ ಎರಡು ಮೂರು ಬಾರಿ ಕರೆಸಿ ನೋಡುತ್ತಿದ್ದರು. ದಿನಗೂಲಿ ಬಿಟ್ಟು ದೂರದಿಂದ ಬಸ್ಸಿನಲ್ಲಿ ಬರಬೇಕಾದವರಿಗೆ ಅದು ಹೇಗೆ ಸಾಧ್ಯ, ತಾಲ್ಲೂಕು ಆಸ್ಪತ್ರೆಯ ವೈದ್ಯರಿಗೆ ಆ ಭೇಟಿಗಳನ್ನು ವಹಿಸಬಹುದೇ ಎಂಬುದನ್ನು ಈ ವರ್ಷದ ಪಿಜಿ ತನ್ನ ಥೀಸಿಸ್‌ಗೆ ವಿಷಯವಾಗಿ ತೆಗೆದುಕೊಂಡಿದ್ದಾಳೆ.