ಬ್ರಿಟನ್ನಿಗೆ ಹೊಸದಾಗಿ ಬಂದವರಿಗೆ: ‘ಆಫ್’ ಅಂದರೆ ಏನೆಲ್ಲ

ಫ್ಯಾನ್ ಆಫ್ ಮಾಡು, ಗ್ಯಾಸ್ ಆಫ್ ಮಾಡು, ಮೋಟರ್ ಆಫ್ ಆಯ್ತಾ ನೋಡು. ಈ ಮಾತುಗಳನ್ನು ಕೇಳಿಕೊಂಡೇ ಬೆಳೆದವರು ನಾವು. ಹಾಗಾಗಿ ನಮ್ಮ ಕಿವಿಗೆ ಆಫ್ ಅಂದರೆ ನಿಂತಿತು ಅಂತಲೇ ಅರ್ಥ. ಇಲ್ಲಿಗೆ ಬಂದ ಮೇಲೆ ಈ ಒಂದು ಅರ್ಥವನ್ನೇ ನಂಬಿಕೊಂಡು ಕೂತರೆ ಕಷ್ಟ. ಇಲ್ಲಿನವರು ಬೆಳಗ್ಗೆಯಿಂದ ಸಂಜೆವರೆಗೆ ಈ ಪದ ಆಡುತ್ತಲೇ ಇರುತ್ತಾರೆ. ಅದರಲ್ಲಿ ಸ್ವಿಚ್ಚಿಗೆ ಸಂಬಂಧಪಟ್ಟದ್ದು ಸ್ವಲ್ಪವೇ.

ಎಲ್ಲಕ್ಕಿಂತ ಮೊದಲು ತಿಳಿಯಬೇಕಾದದ್ದು ಅಲಾರಂ ವಿಚಾರ. ‘ದಿ ಅಲಾರಂ ವೆಂಟ್ ಆಫ್’ ಅಂದರೆ ಅಲಾರಂ ನಿಂತಿತು ಅಂತಲ್ಲ, ಹೊಡೆದುಕೊಂಡಿತು ಅಂತ. ಪೂರಾ ಉಲ್ಟಾ. ‘ಲೈಟ್ಸ್ ವೆಂಟ್ ಆಫ್’ ಅಂದರೆ ಮಾತ್ರ ದೀಪ ಆರಿತು. ಬಾಂಬ್ ಆಗಲಿ, ಪಟಾಕಿ ಆಗಲಿ, ಅಲಾರಂ ಆಗಲಿ, ‘ವೆಂಟ್ ಆಫ್’ ಅಂದರೆ ಸದ್ದು ಮಾಡಿತು. ಆಫೀಸಿನ ನೋಟಿಸ್ ಬೋರ್ಡಿನಲ್ಲಿ ‘ಇಫ್ ದಿ ಅಲಾರಂ ಗೋಸ್ ಆಫ್’ ಅಂತ ಬರೆದಿದ್ದರೆ, ಗಂಟೆ ಹೊಡೆದ ಕೂಡಲೇ ಎದ್ದು ಹೊರಗೆ ಹೋಗಬೇಕು. ನಿಲ್ಲಲಿ ಅಂತ ಕಾಯುವುದಲ್ಲ.

ಮನೆಯಲ್ಲೂ ಇದು ಬೇಗನೇ ಎದುರಾಗುತ್ತದೆ. ಇಂಗ್ಲೆಂಡಿನ ಬಾಡಿಗೆ ಮನೆಗಳಲ್ಲಿ ಪ್ರತಿ ಮಹಡಿಗೂ ಹೊಗೆ ಅಲಾರಂ ಇರಲೇಬೇಕು ಅಂತ 2015ರಿಂದ ಕಾನೂನಿದೆ. ಸಾರಿಗೆ ಒಗ್ಗರಣೆ ಹಾಕುತ್ತೀರಿ. ಸಾಸಿವೆ ಚಟಪಟ ಅಂದು, ಒಣಮೆಣಸಿನಕಾಯಿ ಕಪ್ಪಾಗುವ ಹೊತ್ತಿಗೆ ಹಜಾರದ ಅಲಾರಂ ಕೂಗುತ್ತದೆ. ಪಕ್ಕದ ಮನೆಯಾಕೆ ಬಾಗಿಲು ತಟ್ಟಿ ‘ಯುವರ್ ಅಲಾರಂ ಹ್ಯಾಸ್ ಗಾನ್ ಆಫ್’ ಅನ್ನುತ್ತಾರೆ. ಅಲಾರಂ ಹೊಡೆದುಕೊಳ್ಳುತ್ತಿದೆ, ಎಲ್ಲ ಸರಿಯಾಗಿದೆಯಾ ಅಂತ ವಿಚಾರಿಸಲು ಬಂದಿದ್ದಾರೆ. ‘ಸಾರಿ, ಐ ಸೆಟ್ ಇಟ್ ಆಫ್ ಕುಕಿಂಗ್’ ಅಂದರೆ ಸಾಕು, ಅಡುಗೆ ಮಾಡುವಾಗ ನನ್ನಿಂದ ಹೊಡೆದುಕೊಂಡಿತು ಅಂತ. ‘ಸೆಟ್ ಆಫ್’ ಅಂದರೆ ಹೊಡೆಯುವ ಹಾಗೆ ಮಾಡುವುದು, ‘ಸ್ವಿಚ್ ಆಫ್’ ಅಂದರೆ ನಿಲ್ಲಿಸುವುದು. ದಯವಿಟ್ಟು ಕಿರಿಕಿರಿ ಅಂತ ಬ್ಯಾಟರಿ ತೆಗೆದಿಡಬೇಡಿ, ಅದು ಜೀವದ ವಿಷಯ. ಅಡುಗೆಮನೆ ಬಾಗಿಲು ಮುಚ್ಚಿ, ಕಿಟಕಿ ತೆರೆದು ಒಗ್ಗರಣೆ ಹಾಕಿ. ಅದು ಜೀವದ ವಿಷಯ.

ಇನ್ನು ಫ್ರಿಜ್ಜಿನ ಕಡೆ ಬನ್ನಿ. ‘ದಿಸ್ ಮಿಲ್ಕ್ ಈಸ್ ಆಫ್’ ಅಂದರೆ ಹಾಲು ಕೆಟ್ಟಿದೆ. ಮನೆ ಹಂಚಿಕೊಂಡು ಇರುವವರು ಇದನ್ನು ಚೆನ್ನಾಗಿ ನೆನಪಿಡಿ. ನೀವು ರಾತ್ರಿ ರುಬ್ಬಿಟ್ಟ ದೋಸೆ ಹಿಟ್ಟು ಬೆಳಗ್ಗೆ ಉಬ್ಬಿ, ಹುಳಿ ವಾಸನೆ ಬಂದಿರುತ್ತದೆ. ನಮಗೆ ಅದೇ ಸಂತೋಷ. ಜೊತೆಯವರು ಮುಚ್ಚಳ ತೆಗೆದು ‘ಐ ಥಿಂಕ್ ಇಟ್ಸ್ ಗಾನ್ ಆಫ್’ ಅಂದರೆ, ಅವರ ಕೈ ಕಸದ ಡಬ್ಬಿ ಕಡೆ ಹೋಗುತ್ತಿದೆ ಅಂತ ತಿಳಿಯಿರಿ. ‘ಇಟ್ ಹ್ಯಾಸಂಟ್ ಗಾನ್ ಆಫ್, ಇಟ್ಸ್ ಫರ್ಮೆಂಟೆಡ್’ ಅಂತ ಡಬ್ಬಿಯ ಮೇಲೆ ಚೀಟಿ ಅಂಟಿಸಿ. ಒಂದು ದೋಸೆ ಹುಯ್ದು ಕೊಟ್ಟರೆ ಇನ್ನೂ ಒಳ್ಳೆಯದು. ಆದರೆ ‘ಐ ಹ್ಯಾವ್ ಗಾನ್ ಆಫ್ ಕಾಫಿ’ ಅಂತ ಯಾರಾದರೂ ಅಂದರೆ ಕೆಟ್ಟಿದ್ದು ಕಾಫಿಯಲ್ಲ, ಅವರಿಗೆ ಈಗ ಕಾಫಿ ಸೇರುತ್ತಿಲ್ಲ ಅಷ್ಟೇ.

ಕೆಲಸದ ಜಾಗದಲ್ಲಿ ‘ಸೈನ್ಡ್ ಆಫ್’ ಅನ್ನುವುದಕ್ಕೆ ಎರಡು ದಾರಿ. ಕಾಗದವೋ ಬಜೆಟ್ಟೋ ಸೈನ್ಡ್ ಆಫ್ ಆಯಿತು ಅಂದರೆ ಮೇಲಿನವರು ಒಪ್ಪಿಗೆ ಕೊಟ್ಟರು. ಮನುಷ್ಯರು ಸೈನ್ಡ್ ಆಫ್ ಆದರು ಅಂದರೆ ಹುಷಾರಿಲ್ಲ ಅಂತ ಡಾಕ್ಟರ್ ರಜೆ ಬರೆದುಕೊಟ್ಟಿದ್ದಾರೆ. ಬರೀ ‘ಶೀ ಈಸ್ ಆಫ್ ಟುಡೇ’ ಅಂದರೆ ಇವತ್ತು ಬಂದಿಲ್ಲ. ನಿಮಗೇ ಜ್ವರ ಬಂದರೆ 7 ದಿನದವರೆಗೆ ಡಾಕ್ಟರ ಚೀಟಿ ಬೇಕಿಲ್ಲ, ನೀವೇ ಹೇಳಿದರೆ ಆಯಿತು. ಶನಿವಾರ, ಭಾನುವಾರವೂ ಈ ಲೆಕ್ಕಕ್ಕೆ ಸೇರುತ್ತವೆ. ಅದಕ್ಕಿಂತ ಜಾಸ್ತಿ ಆದರೆ ‘ಫಿಟ್ ನೋಟ್’ ಬೇಕು. 2010ಕ್ಕೆ ಮುಂಚೆ ಇದನ್ನು ‘ಸಿಕ್ ನೋಟ್’ ಅನ್ನುತ್ತಿದ್ದರು, ಹಳಬರು ಈಗಲೂ ಹಾಗೇ ಅನ್ನುತ್ತಾರೆ. ಸಭೆ ‘ಪುಟ್ ಆಫ್’ ಆದರೆ ಮುಂದಕ್ಕೆ ಹೋಗಿದೆ, ‘ಕಾಲ್ಡ್ ಆಫ್’ ಆದರೆ ರದ್ದಾಗಿದೆ. ‘ಲೇಯ್ಡ್ ಆಫ್’ ಅನ್ನುವುದು ನಿಮಗೆ ಊರಲ್ಲೇ ಗೊತ್ತು.

ಮಗು ಸ್ಕೂಲಿನಿಂದ ಬಂದು ‘ಐ ಗಾಟ್ ಟೋಲ್ಡ್ ಆಫ್’ ಅಂದರೆ ಟೀಚರ್ ಬೈದಿದ್ದಾರೆ ಅಂತ. ಏನಾಯಿತು ಪುಟ್ಟಾ ಅಂತ ಕೂರಿಸಿಕೊಂಡು ಕೇಳಿ. ‘ರೈಟ್, ಐ ಆಮ್ ಆಫ್’ ಅಂದರೆ ಸರಿ, ಹೊರಟೆ ಅಂತ. ‘ಆಫ್ ಲೈಸನ್ಸ್’ ಅನ್ನುವುದು ಲೈಸನ್ಸ್ ಕಳೆದುಕೊಂಡ ಅಂಗಡಿಯಲ್ಲ, ಮನೆಗೆ ಒಯ್ದು ಕುಡಿಯಲು ಹೆಂಡ ಮಾರುವ ಅಂಗಡಿ. ಲಂಡನ್ನಿನ ನೆಲದಡಿಯ ರೈಲು ‘ಟ್ಯೂಬ್’ನಲ್ಲಿ ವಾರದ ದಿನ ಬೆಳಗ್ಗೆ 6:30ರಿಂದ 9:30, ಸಂಜೆ 4ರಿಂದ 7 ಬಿಟ್ಟು ಉಳಿದದ್ದು ‘ಆಫ್ ಪೀಕ್’, ಆಗ ದರ ಕಡಿಮೆ.

‘ಪಿಸ್ಡ್ ಆಫ್’ ಅಂತ ಸಹೋದ್ಯೋಗಿಗಳ ಬಾಯಲ್ಲಿ ಕೇಳಿ ನೀವೂ ಮೀಟಿಂಗಿನಲ್ಲಿ ಹೇಳಬೇಡಿ. ಸಿಟ್ಟು ಬಂದಿದೆ ಅನ್ನುವ ಒರಟು ಮಾತು ಅದು. ‘ಅನಾಯ್ಡ್’ ಅಂದರೆ ಸಾಕು. ‘ದಟ್ಸ್ ಎ ಬಿಟ್ ಆಫ್’ ಅಂತ ಯಾರಾದರೂ ಮೆತ್ತಗೆ ಅಂದರೆ ಮಾತ್ರ ಕಿವಿಗೊಡಿ. ನೀವು ಮಾಡಿದ್ದು ಸರಿ ಇಲ್ಲ ಅಂತ ಹೇಳುತ್ತಿದ್ದಾರೆ. ಇಲ್ಲಿನವರು ಬೇಸರವನ್ನು ಇಷ್ಟು ಮೆಲ್ಲಗೇ ಹೇಳುವುದು.

ಉಚ್ಚಾರದ ಬಗ್ಗೆ ಒಂದು ಮಾತು. ನಾವು ಬಸ್ಸಿನಲ್ಲಿ ಮಕ್ಕಳಿಗೆ ‘ಆಫ್ ಟಿಕೆಟ್’ ಅನ್ನುತ್ತೇವೆ, ಅದು ನಿಜವಾಗಿ ‘ಹಾಫ್’. ‘ಕಪ್ ಆಫ್ ಟೀ’ಯ ನಡುವಿನ ಪದವನ್ನು ಇವರು ‘ಅವ್’ ಅನ್ನುತ್ತಾರೆ. ಮೂರನ್ನೂ ಒಂದೇ ಥರ ಅಂದರೆ ಅಂಗಡಿಯವರಿಗೆ ‘ಹಾಫ್ ಪ್ರೈಸ್’ ಕೇಳಿದಿರೋ ‘ಆಫ್’ ಕೇಳಿದಿರೋ ಗೊತ್ತಾಗುವುದಿಲ್ಲ. ‘ಹಾಫ್ ಫೈವ್‌ಗೆ ಬನ್ನಿ’ ಅಂದರೆ ಐದೂವರೆಗೆ ಬನ್ನಿ.

ಕಾರು ಕೊಳ್ಳುವವರಿಗೆ ಇನ್ನೆರಡು ಇವೆ. ಗ್ಯಾರೇಜಿನವರು ಎಂಒಟಿ, ಅಂದರೆ ಕಾರು ರಸ್ತೆಗಿಳಿಯಲು ಯೋಗ್ಯವಾ ಅಂತ ನೋಡುವ ವರ್ಷದ ತಪಾಸಣೆ ಮಾಡಿ ‘ಆಫ್‌ಸೈಡ್ ಫ್ರಂಟ್ ಟೈರ್’ ಸವೆದಿದೆ ಅಂತ ಬರೆಯುತ್ತಾರೆ. ನಮ್ಮ ಎರಪಳ್ಳಿ ಪ್ರಸನ್ನ ಅವರ ಆಫ್ ಸ್ಪಿನ್ ನೆನಪಿದ್ದವರಿಗೆ ಪದ ಹೊಸದಲ್ಲ. ಆದರೆ ಕ್ರಿಕೆಟ್ಟಿನಲ್ಲಿ ಎಡಗೈ ಆಟಗಾರ ಬಂದರೆ ಆಫ್‌ಸೈಡ್ ಬದಲಾಗುತ್ತದೆ, ಇಲ್ಲಿನ ಕಾರಿನಲ್ಲಿ ಬದಲಾಗುವುದಿಲ್ಲ. ಅದು ಯಾವಾಗಲೂ ಡ್ರೈವರ್ ಕೂರುವ ಬಲಬದಿ. ಫುಟ್‌ಪಾತ್ ಕಡೆಯದು ‘ನಿಯರ್‌ಸೈಡ್’. ಟೈರಿನ ಗೀರಿನ ಆಳ 1.6 ಮಿಲಿಮೀಟರಿಗಿಂತ ಕಡಿಮೆ ಇದ್ದರೆ ಕಾನೂನಿಗೆ ವಿರುದ್ಧ. ಹಾಗಾಗಿ ಯಾವ ಬದಿ ಅಂತ ತಿಳಿದು ಬೇಗ ಹೊಸ ಟೈರ್ ಹಾಕಿಸಿ.

ಎರಡನೆಯದು ‘ರೈಟ್ ಆಫ್’, ಇದು ಬರೆಯುವ ‘ರೈಟ್’. ಅಪಘಾತವಾದ ಕಾರನ್ನು ರಿಪೇರಿ ಮಾಡಿಸುವುದು ದಂಡ ಅಂತ ವಿಮಾ ಕಂಪನಿ ಕೈಬಿಟ್ಟರೆ ಅದು ರೈಟ್ ಆಫ್. ಅಂಥವನ್ನು ಯಾರೋ ಸರಿಮಾಡಿಸಿ ಮತ್ತೆ ಮಾರುತ್ತಾರೆ. 2017ರ ಅಕ್ಟೋಬರಿನಿಂದ ಇವಕ್ಕೆ ‘ಕ್ಯಾಟ್ ಎಸ್’, ‘ಕ್ಯಾಟ್ ಎನ್’ ಅಂತ ಗುರುತಿದೆ, ಕ್ಯಾಟ್ ಅಂದರೆ ಕ್ಯಾಟಗರಿ. ಎಸ್ ಅಂದರೆ ಕಾರಿನ ಚೌಕಟ್ಟಿಗೇ ಏಟು ಬಿದ್ದಿದೆ, ಎನ್ ಅಂದರೆ ಚೌಕಟ್ಟಿಗೆ ಬಿದ್ದಿಲ್ಲ. ಬೆಲೆ ಅಗ್ಗ ಅಂತ ಕಂಡ ಕೂಡಲೇ ಜಾಹೀರಾತಿನಲ್ಲಿ ಈ ಅಕ್ಷರಗಳನ್ನು ಹುಡುಕಿ. ಕಾಣದಿದ್ದರೆ ‘ಹ್ಯಾಸ್ ಇಟ್ ಎವರ್ ಬೀನ್ ರಿಟನ್ ಆಫ್?’ ಅಂತ ನೇರವಾಗಿ ಕೇಳಿ. ಉತ್ತರ ಬರಹದಲ್ಲಿ ಕೈಗೆ ಬರುವವರೆಗೆ ದುಡ್ಡು ಕಳಿಸಬೇಡಿ.