ಲೈಬ್ರರಿಯ ಒಳಗಿನ ಕ್ಲಾಸ್‌ಗೆ ಜೋತು ಬೀಳಬೇಡಿ

ಐಡಿಇ (ಕೋಡ್ ಬರೆಯುವ ಎಡಿಟರ್) ತೋರಿಸಿದ ಮೊದಲ ಇಂಪೋರ್ಟನ್ನೇ, ಅಂದರೆ ಲೈಬ್ರರಿಯಿಂದ ಕ್ಲಾಸ್ ತರುವ ಸಾಲನ್ನೇ, ಒತ್ತಿಬಿಡುತ್ತೇವೆ ಅಲ್ವಾ? ಅಲ್ಲಿ ಒಂದು ಕ್ಷಣ ನಿಲ್ಲಿ. ಪ್ಯಾಕೇಜಿನ ಹೆಸರಲ್ಲಿ 'ಇಂಟರ್ನಲ್' ಅಂತ ಇದ್ದರೆ ಅದು ಲೈಬ್ರರಿ ಬರೆದವರು ತಮಗಾಗಿ ಇಟ್ಟುಕೊಂಡದ್ದು. ಪೈಥಾನ್‌ನಲ್ಲಿ ಹೆಸರಿನ ಮುಂದೆ ಅಂಡರ್‌ಸ್ಕೋರ್ ಇದ್ದರೂ ಅದೇ ಅರ್ಥ. ಮುಂದಿನ ವರ್ಷನ್‌ನಲ್ಲಿ ಅದು ಹೇಳದೆ ಕೇಳದೆ ಮಾಯವಾಗಬಹುದು.

ನನ್ನ ಕೈಗೆ ಬಂದ ಒಂದು ಹಳೆಯ ಜಾವಾ ಕೋಡ್‌ನಲ್ಲಿ ಜಾವಾದ ಒಳಬಳಕೆಯ 'ಸನ್.ಮಿಸ್ಕ್' ಪ್ಯಾಕೇಜಿನ ಬೇಸ್64 ಎನ್‌ಕೋಡರ್ (ಬೈಟ್‌ಗಳನ್ನು ಸಾದಾ ಅಕ್ಷರಗಳಾಗಿ ಬದಲಿಸುವ ಕ್ಲಾಸ್) ಇತ್ತು. 2017ರಲ್ಲಿ ಬಂದ ಜಾವಾ 9ರಲ್ಲಿ ಅದನ್ನು ತೆಗೆದುಹಾಕಿದರು, ಬಿಲ್ಡ್ ಅಲ್ಲೇ ನಿಂತಿತು. ಬದಲಿಗೆ 'ಜಾವಾ.ಯುಟಿಲ್.ಬೇಸ್64' ಇದೆ, ಅದು ಜಾವಾ 8ರಿಂದಲೇ ಸಿಗುತ್ತದೆ. ಆದರೆ ಸುಮ್ನೆ ಹೆಸರು ಬದಲಿಸಿದರೆ ಸಾಲದು. ಹಳೆಯದು ಪ್ರತಿ 76 ಅಕ್ಷರಕ್ಕೆ ಸಾಲು ಮುರಿಯುತ್ತಿತ್ತು, ಹೊಸದರ ಸಾಮಾನ್ಯ ಎನ್‌ಕೋಡರ್ ಮುರಿಯುವುದಿಲ್ಲ. ಔಟ್‌ಪುಟ್ಟನ್ನು ಅಕ್ಷರಕ್ಕೆ ಅಕ್ಷರ ಹೋಲಿಸುವ ಟೆಸ್ಟ್‌ಗಳು ಇಲ್ಲೇ ಬೀಳುತ್ತವೆ. ನನಗೆ ಜಾಸ್ತಿ ಹೊತ್ತು ಹಿಡಿದದ್ದು ಇದೇ.

ಜಾವಾದವರು ಜೆಡಿಕೆ (ಜಾವಾ ಬರೆಯಲು ಬೇಕಾದ ಟೂಲ್‌ಗಳ ಕಿಟ್) ಜೊತೆಗೇ ಬರುವ 'ಜೆಡೆಪ್ಸ್' ಟೂಲನ್ನು 'ಜೆಡಿಕೆ-ಇಂಟರ್ನಲ್ಸ್' ಆಯ್ಕೆ ಕೊಟ್ಟು ನಿಮ್ಮ ಜಾರ್ (ಕಂಪೈಲ್ ಆದ ಕ್ಲಾಸ್‌ಗಳ ಕಟ್ಟು) ಮೇಲೆ ಓಡಿಸಿ. ಯಾವ ಕ್ಲಾಸ್ ಎಲ್ಲಿ ಒಳಗಿನದನ್ನು ಮುಟ್ಟುತ್ತಿದೆ ಅಂತ ತೋರಿಸುತ್ತದೆ, ಕೆಲವಕ್ಕೆ ಬದಲಿಯನ್ನೂ ಸೂಚಿಸುತ್ತದೆ.

ಬೇರೆ ದಾರಿಯೇ ಇಲ್ಲದಿದ್ದರೆ ಆ ಬಳಕೆಯನ್ನು ನಿಮ್ಮದೇ ಒಂದು ಕ್ಲಾಸ್‌ನೊಳಗೆ ಮುಚ್ಚಿಡಿ. ಮುರಿದಾಗ ಒಂದೇ ಫೈಲ್ ತಿದ್ದಿದರಾಯ್ತು.