ಅಮೆರಿಕಕ್ಕೆ ಮನೆ ಬದಲಿಸುವಾಗ ಚೆಕ್-ಇನ್ ಲಗೇಜು: ನಾನು ತುಂಬುವ ರೀತಿ

ಬೆಂಗಳೂರಿನಿಂದ ಅಮೆರಿಕಕ್ಕೆ ಹೋಗುವ ಎಕಾನಮಿ ಟಿಕೆಟ್‌ನಲ್ಲಿ ಸಾಮಾನ್ಯವಾಗಿ ತಲೆಗೆ ಎರಡು ಲಗೇಜು, ಒಂದೊಂದು 23 ಕಿಲೋ. ಅಗ್ಗದ ಟಿಕೆಟ್‌ಗೆ ಒಂದೇ ಸಿಗುವುದೂ ಉಂಟು, ಹಾಗಾಗಿ ಟಿಕೆಟ್ ಮೇಲೆ ‘2 ಪಿಸಿ’ (ಎರಡು ಪೆಟ್ಟಿಗೆ) ಎಂದಿದೆಯೇ ಎಂದು ಮೊದಲೇ ನೋಡಿಕೊಳ್ಳಬೇಕು. ಲೆಕ್ಕ ಪೆಟ್ಟಿಗೆಯದು, ಒಟ್ಟು ತೂಕದ್ದಲ್ಲ. ಒಂದರಲ್ಲಿ 20, ಇನ್ನೊಂದರಲ್ಲಿ 26 ಇಟ್ಟು ‘ಒಟ್ಟು 46 ತಾನೇ’ ಎಂದರೆ ಕೌಂಟರಿನಲ್ಲಿ ನಡೆಯುವುದಿಲ್ಲ, 26ರ ಪೆಟ್ಟಿಗೆಗೆ ದುಡ್ಡು ಕಟ್ಟಬೇಕಾಗುತ್ತದೆ. 32 ಕಿಲೋ ದಾಟಿದ್ದನ್ನು ದುಡ್ಡು ಕೊಟ್ಟರೂ ತೆಗೆದುಕೊಳ್ಳುವುದಿಲ್ಲ.

ಹುಬ್ಬಳ್ಳಿ, ಮಂಗಳೂರು ಕಡೆಯವರು ಬೆಂಗಳೂರಿನವರೆಗೆ ಬೇರೆ ಟಿಕೆಟ್ ತೆಗೆಸಿದ್ದರೆ ಇನ್ನೊಂದು ತೊಡಕಿದೆ. ದೇಶದೊಳಗಿನ ಎಕಾನಮಿ ಟಿಕೆಟ್‌ಗೆ ಸಾಮಾನ್ಯವಾಗಿ ಸಿಗುವುದು 15 ಕಿಲೋ ಮಾತ್ರ. ಅಷ್ಟು ಸಾಮಾನಿದ್ದಾಗ ರಾತ್ರಿ ರೈಲೋ ಬಸ್ಸೋ ಹಿಡಿಯುವುದೇ ವಾಸಿ.

ತುಂಬಲು ಕೂರುವ ಮೊದಲು ಕಾಗದದ ಮೇಲೆ ತೂಕ ಹಂಚುತ್ತೇನೆ. 28 ಇಂಚಿನ ಗಟ್ಟಿ ಸೂಟ್‌ಕೇಸೇ 4 ಕಿಲೋ ತೂಗುತ್ತದೆ. 46ರಲ್ಲಿ 8 ಅದಕ್ಕೇ ಹೋಯಿತು. ತಲಾ ಅರ್ಧ ಕಿಲೋ ಖಾಲಿ ಬಿಟ್ಟರೆ ಕೈಗೆ ಸಿಗುವುದು 37. ಇದರಲ್ಲಿ ಬಟ್ಟೆ-ಹೊದಿಕೆಗೆ 16, ಅಡುಗೆ ಸಾಮಾನಿಗೆ 7, ಪುಡಿ-ಉಪ್ಪಿನಕಾಯಿಗೆ 7, ಚಪ್ಪಲಿ-ಬೂಟಿಗೆ 3, ಪುಸ್ತಕ-ಸಣ್ಣಪುಟ್ಟದ್ದಕ್ಕೆ 4. ಒಂದು ಬಾಬತ್ತು ಜಾಸ್ತಿಯಾದರೆ ಇನ್ನೊಂದರಿಂದ ಕಳೆಯಲೇಬೇಕು. ಗಾಳಿ ಹೀರುವ ವ್ಯಾಕ್ಯೂಮ್ ಚೀಲಗಳನ್ನು ನಾನು ಬಳಸುವುದಿಲ್ಲ. ಅವು ಜಾಗ ಉಳಿಸುತ್ತವೆಯೇ ಹೊರತು ತೂಕವನ್ನಲ್ಲ, ಜಾಗ ಉಳಿದಷ್ಟೂ ತುರುಕುವ ಆಸೆ ಹೆಚ್ಚುತ್ತದೆ. ಭದ್ರತೆಯವರು ಬಿಚ್ಚಿದರೆ ಉಬ್ಬಿದ ಚೀಲದ ಮೇಲೆ ಮತ್ತೆ ಮುಚ್ಚಳ ಕೂರುವುದೂ ಕಷ್ಟ.

ಅಳತೆಯ ಮಿತಿ ಉದ್ದ, ಅಗಲ, ಎತ್ತರ ಸೇರಿ 158 ಸೆಂ.ಮೀ. ಚಕ್ರ, ಹಿಡಿಯನ್ನೂ ಸೇರಿಸಿ ಅಳೆಯಬೇಕು. ಎರಡನೇ ಸೂಟ್‌ಕೇಸಿನ ಬದಲು ಐದು ಪದರದ ರಟ್ಟಿನ ಡಬ್ಬ ತೆಗೆದುಕೊಂಡರೆ ಮೂರು ಕಿಲೋದಷ್ಟು ಉಳಿಯುತ್ತದೆ. ವಿಮಾನ ಕಂಪನಿ ರಟ್ಟಿನ ಡಬ್ಬ ಒಪ್ಪುತ್ತದೆಯೇ ಎಂದು ಮಾತ್ರ ಕೇಳಿಕೊಳ್ಳಿ. ತಳಕ್ಕೆ ಅಡ್ಡ-ಉದ್ದ ಎರಡೂ ಕಡೆ ಟೇಪು ಸುತ್ತಿ, ಪುಸ್ತಕಗಳನ್ನು ಹತ್ತಿ ಬಟ್ಟೆಯ ಜೊತೆ ಬೆರೆಸಿ ಇಡಬೇಕು. ಬರೀ ಪುಸ್ತಕ ತುಂಬಿದರೆ ಡಬ್ಬ ಅರ್ಧವಾಗುವಷ್ಟರಲ್ಲಿ 23 ಮುಗಿದಿರುತ್ತದೆ, ಮೇಲಿನ ಖಾಲಿ ಜಾಗ ಕುಸಿದು ಮೂಲೆ ಒಡೆಯುತ್ತದೆ.

ತೂಗಲು ಕೈಯಲ್ಲಿ ಹಿಡಿಯುವ ಡಿಜಿಟಲ್ ಕಾಟಾ ಸಾಕು. ಮೊದಲು ಅಂಗಡಿಯ ಸೀಲು ಬಿಚ್ಚದ 10 ಕಿಲೋ ಅಕ್ಕಿ ಚೀಲ ತೂಗಿ ಎಷ್ಟು ವ್ಯತ್ಯಾಸ ಬರುತ್ತದೆ ನೋಡಿಕೊಳ್ಳಿ. ಭಾರದ್ದನ್ನು ಚಕ್ರದ ಕಡೆಗೆ ಇಡಬೇಕು, ಇಲ್ಲದಿದ್ದರೆ ನಿಲ್ಲಿಸಿದ ಕೂಡಲೇ ಪೆಟ್ಟಿಗೆ ಮಗುಚುತ್ತದೆ.

ಕುಕ್ಕರಿನೊಳಗೆ ಸಾರಿನ ಪುಡಿ, ಹುಳಿಪುಡಿ ತುಂಬುವುದು ನಮ್ಮಲ್ಲಿ ರೂಢಿ. ನಾನು ಅದರೊಳಗೆ ಸಾಕ್ಸು, ಟವೆಲು ಮಾತ್ರ ಹಾಕುತ್ತೇನೆ. ದಪ್ಪ ಲೋಹದೊಳಗೆ ಪುಡಿಯ ಗಂಟು ಇದ್ದರೆ ಎಕ್ಸ್-ರೇಯಲ್ಲಿ ಏನೆಂದು ತಿಳಿಯದೆ ಪೆಟ್ಟಿಗೆ ಬಿಚ್ಚುತ್ತಾರೆ. ಗ್ಯಾಸ್ಕೆಟ್, ವೆಯ್ಟ್ ಬೇರೆ ಕವರಿನಲ್ಲಿ. ಪುಡಿಗಳೆಲ್ಲ ಅರ್ಧರ್ಧ ಕಿಲೋದ ಪ್ಯಾಕೆಟ್, ಹೆಸರು ಇಂಗ್ಲಿಷಿನಲ್ಲಿ ಬರೆದು ಒಂದೇ ಕಡೆ, ಮೇಲೆಯೇ. ಅಮೆರಿಕಕ್ಕೆ ಹೋಗುವ ವಿಮಾನದಲ್ಲಿ 350 ಮಿ.ಲೀ. ಮೀರಿದ ಪುಡಿಯನ್ನು ಕೈಚೀಲದಲ್ಲಿ ಒಯ್ಯಲು ಹೋದರೆ ಹೆಚ್ಚಿನ ತಪಾಸಣೆ, ಆದ್ದರಿಂದ ಅದರ ಜಾಗ ಚೆಕ್-ಇನ್ ಲಗೇಜೇ.

ಉಪ್ಪಿನಕಾಯಿ ಸೋರುವುದು ಬಾಟಲಿಯೊಳಗಿನ ಗಾಳಿಯಿಂದ. ಹಾರಾಟದಲ್ಲಿ ಸರಕಿನ ಕೋಣೆಯ ಒತ್ತಡ 2,400 ಮೀಟರ್ ಎತ್ತರದಲ್ಲಿರುವಷ್ಟಕ್ಕೆ ಇಳಿಯಬಹುದು. ಬೆಂಗಳೂರು ಇರುವುದು ಸುಮಾರು 900 ಮೀಟರಿನಲ್ಲಿ. ಇಲ್ಲಿ ಮುಚ್ಚಿದ ಗಾಳಿ ಅಲ್ಲಿ ಐದನೇ ಒಂದು ಪಾಲು ಹಿಗ್ಗಲು ನೋಡುತ್ತದೆ, ಬಾಟಲಿ ಮಲಗಿದ್ದರೆ ಎಣ್ಣೆಯನ್ನು ಹೊರಗೆ ತಳ್ಳುತ್ತದೆ. ಅದಕ್ಕೇ ಕತ್ತಿನವರೆಗೂ ತುಂಬಿ, ಬಾಯಿಗೆ ಪ್ಲಾಸ್ಟಿಕ್ ಹಾಳೆ ಹಾಕಿ, ಮುಚ್ಚಳ ತಿರುಗಿಸಿ, ಟೇಪು ಸುತ್ತಿ, ಎರಡು ಜಿಪ್ ಕವರಿನೊಳಗೆ ಇಡುತ್ತೇನೆ. ಗಾಜಿನ ಬಾಟಲಿ ಬೇಡ.

ಕೊಬ್ಬರಿ ಗಿಟುಕು ಲಗೇಜಿನಲ್ಲಿ ಇಡುವಂತಿಲ್ಲ. ಎಣ್ಣೆ ಅಂಶ ಹೆಚ್ಚಿರುವುದರಿಂದ ತಾನಾಗಿ ಬಿಸಿಯೇರಿ ಹೊತ್ತಿಕೊಳ್ಳಬಲ್ಲ ವಸ್ತುಗಳ ಪಟ್ಟಿಯಲ್ಲಿ ಅದಿದೆ. ತಾಂಬೂಲದ ಕೊಬ್ಬರಿಯನ್ನು ಕೊನೆಗಳಿಗೆಯಲ್ಲಿ ಯಾರಾದರೂ ಪೆಟ್ಟಿಗೆಗೆ ಸೇರಿಸಿದ್ದಾರೆಯೇ ನೋಡಿ. ಕರ್ಪೂರ, ಬೆಂಕಿಪೊಟ್ಟಣವೂ ಇಲ್ಲ. ಪವರ್ ಬ್ಯಾಂಕ್ ಕೈಚೀಲಕ್ಕೆ. 100 ವ್ಯಾಟ್-ಅವರ್‌ವರೆಗೆ ಒಪ್ಪುತ್ತಾರೆ, 20,000 ಎಂಎಎಚ್‌ನದು 74 ಆಗುತ್ತದೆ.

ಅಮೆರಿಕದ ಕಸ್ಟಮ್ಸ್ ಬೇರೆ. ಹಸಿ ಕರಿಬೇವು, ಹಣ್ಣು, ತರಕಾರಿ, ಬಿತ್ತನೆ ಬೀಜ, ಮಾಂಸ ಬೇಡ. ಭಾರತದ ಅಕ್ಕಿ ಮತ್ತು ಹಸಿ ಕಡಲೆಕಾಳು ಕೂಡ ದಾಸ್ತಾನಿನ ಕಾಳು ತಿನ್ನುವ ಖಾಪ್ರಾ ಹುಳುವಿನ ಭಯದಿಂದ ಪ್ರಯಾಣಿಕರ ಲಗೇಜಿನಲ್ಲಿ ನಿಷಿದ್ಧ. ಅಲ್ಲಿನ ಭಾರತೀಯ ಅಂಗಡಿಯಲ್ಲಿ ಎರಡೂ ಸಿಗುತ್ತವೆ, ಅದಕ್ಕೆ ಕಿಲೋ ಖರ್ಚು ಮಾಡುವುದೇ ವ್ಯರ್ಥ. ತಿನ್ನುವ ಪದಾರ್ಥ ಏನಿದ್ದರೂ ಇದೆ ಎಂದೇ ಹೇಳಿ. ಹೇಳಿದರೆ ಹೆಚ್ಚೆಂದರೆ ಎತ್ತಿಟ್ಟುಕೊಳ್ಳುತ್ತಾರೆ, ಮುಚ್ಚಿಟ್ಟರೆ ದಂಡ ಬೀಳುತ್ತದೆ. ದುಬೈಗೋ ಸಿಂಗಾಪುರಕ್ಕೋ ಮನೆ ಬದಲಿಸುವವರು ಗಸಗಸೆಯನ್ನು ಮನೆಯಲ್ಲೇ ಬಿಡಬೇಕು. ಅಲ್ಲಿ ಅದು ಮಾದಕವಸ್ತುವಿನ ಲೆಕ್ಕ.

ಮಿಕ್ಸಿ ಒಯ್ಯುವುದಾದರೆ ಅಮೆರಿಕದ ವಿದ್ಯುತ್ತಿಗೆಂದು ಮಾರುವ 110 ವೋಲ್ಟಿನದೇ ಕೊಳ್ಳಿ. ನಮ್ಮದು 230 ವೋಲ್ಟ್, 50 ಹರ್ಟ್ಜ್, ಅವರದು 120 ಮತ್ತು 60. ಇಸ್ತ್ರಿಪೆಟ್ಟಿಗೆ ಅಲ್ಲಿ ಸರಿಯಾಗಿ ಕಾಯುವುದೇ ಇಲ್ಲ. ಮಾತ್ರೆಗಳು ಮೂಲ ಪ್ಯಾಕಿನಲ್ಲಿ, ವೈದ್ಯರ ಚೀಟಿಯೊಂದಿಗೆ, ಹೆಚ್ಚೆಂದರೆ 90 ದಿನದಷ್ಟು, ಕೈಚೀಲದಲ್ಲೇ. ಒಡವೆ, ಅಂಕಪಟ್ಟಿಯೂ ಅಲ್ಲೇ.

ನಾಲ್ವರ ಕುಟುಂಬವಾದರೆ ಒಬ್ಬರಿಗೊಂದು ಎಂದು ಪೆಟ್ಟಿಗೆ ಬೇರ್ಪಡಿಸಬೇಡಿ. ಪ್ರತಿಯೊಂದರಲ್ಲೂ ಎಲ್ಲರ ಒಂದೆರಡು ಜೊತೆ ಬಟ್ಟೆ ಇರಲಿ, ಒಂದು ತಡವಾದರೂ ಯಾರೂ ಬರಿಗೈಯಾಗುವುದಿಲ್ಲ. ಪೆಟ್ಟಿಗೆಗೆ ಸಂಖ್ಯೆ ಕೊಟ್ಟು, ಮುಚ್ಚುವ ಮೊದಲು ಫೋಟೋ ತೆಗೆದು, ಹೆಸರು-ಫೋನ್ ಬರೆದ ಚೀಟಿಯನ್ನು ಒಳಗೂ ಒಂದು ಇಡಿ. ಹೊರಗಿನದು ಬೆಲ್ಟಿಗೆ ಸಿಕ್ಕಿ ಹರಿಯುತ್ತದೆ. ಬೀಗ ಟಿಎಸ್‌ಎ (ಅಮೆರಿಕದ ವಿಮಾನ ನಿಲ್ದಾಣ ಭದ್ರತಾ ಸಂಸ್ಥೆ) ಗುರುತಿನದೇ ಆಗಿರಲಿ, ಬೇರೆಯದಾದರೆ ಅಮೆರಿಕದಲ್ಲಿ ಒಡೆದು ತೆಗೆಯಬಹುದು.

ಮುಂದೆ ಅಮೆರಿಕದೊಳಗಿನ ವಿಮಾನವಿದ್ದರೆ ಸಾಮಾನ್ಯವಾಗಿ ಮೊದಲು ಇಳಿದ ಊರಲ್ಲೇ ಲಗೇಜು ತೆಗೆದುಕೊಂಡು, ಕಸ್ಟಮ್ಸ್ ದಾಟಿಸಿ, ಮತ್ತೆ ಕೊಡಬೇಕು. ಪೆಟ್ಟಿಗೆ ಬಾರದಿದ್ದರೆ ಅಥವಾ ಒಡೆದಿದ್ದರೆ ನಿಲ್ದಾಣ ಬಿಡುವ ಮೊದಲೇ ವಿಮಾನ ಕಂಪನಿಯ ಲಗೇಜು ಕೌಂಟರಿನಲ್ಲಿ ಪಿಐಆರ್ ಎಂಬ ಲಗೇಜು ದೂರಿನ ವರದಿ ಬರೆಸಿ, ಪ್ರತಿ ಇಟ್ಟುಕೊಳ್ಳಿ. ಅಂತರರಾಷ್ಟ್ರೀಯ ವಿಮಾನಯಾನದ ಪರಿಹಾರ ನಿಯಮಗಳಾದ ಮಾಂಟ್ರಿಯಲ್ ಒಪ್ಪಂದದಂತೆ ಹಾನಿಯ ಲಿಖಿತ ದೂರು 7 ದಿನದೊಳಗೆ, ತಡವಾದದ್ದಕ್ಕೆ ಪೆಟ್ಟಿಗೆ ಕೈಸೇರಿದ 21 ದಿನದೊಳಗೆ ಕೊಡಬೇಕು.